ಬಾಯೊಳಗಿನ ಬಣ್ಣ

ಪೆಟ್ಟಿಗೆಯಿಂದ ಎತ್ತಿಕೊಳ್ಳುವಷ್ಟರಲ್ಲೇ ಹೊಸ ಹೆಣ್ಣು ಹಲ್ಲಿ ಎಲೆಯಂಥ ಬಾಲವನ್ನು ನಿಮಿರಿಸಿ, ಬಾಯಗಲಿಸಿ ಬೆದರಿಸಿತು. ಒಳಗೆಲ್ಲ ತಿಳಿಗುಲಾಬಿ. ಎತ್ತಿಕೊಂಡವಳು ಅದನ್ನು ಹಾಗೇ ಪೆಟ್ಟಿಗೆಗೆ ಇಳಿಸಿಬಿಟ್ಟಳು.

ಮೃಗಾಲಯದಲ್ಲಿ ಹಾವು ಹಲ್ಲಿಗಳ ಕೋಣೆಯನ್ನು ನೋಡಿಕೊಳ್ಳುವವಳು ಅವಳು. ಅಲ್ಲಿದ್ದ ಒಂಟಿ ಗಂಡು ಹಲ್ಲಿಗೆ ‘ಮೌನಿ’ ಎಂದು ಹೆಸರಿಟ್ಟವಳೂ ಅವಳೇ. ಅವನಿಗೊಂದು ಜೊತೆಯಾಗಲೆಂದು ಕಂಡಕಂಡ ಮೃಗಾಲಯಗಳಿಗೆಲ್ಲ ದುಂಬಾಲು ಬಿದ್ದು ಈ ಹೆಣ್ಣನ್ನು ತರಿಸಿದ್ದಳು. ಎಲೆಬಾಲದ ಹಲ್ಲಿಗಳಲ್ಲಿ ಎರಡು ಜಾತಿಗಳು ನೋಡಲು ಒಂದೇ ಅಚ್ಚು. ಪಾಚಿ ಹಿಡಿದ ತೊಗಟೆಯಂಥ ಅದೇ ಮೈ, ಅಂಚಿಗೆ ಅದೇ ಹರುಕು ಜಾಲರಿ. ವ್ಯತ್ಯಾಸ ಬಾಯೊಳಗೆ: ಒಂದರದು ಕಪ್ಪು, ಇನ್ನೊಂದರದು ಗುಲಾಬಿ. ಮೌನಿಯ ಗೂಡಿನ ಫಲಕದಲ್ಲಿ ಕಪ್ಪು ಬಾಯಿಯ ಜಾತಿಯ ಹೆಸರಿತ್ತು. ಬೇರೆ ಜಾತಿಯದನ್ನು ಜೊತೆಗಿಡುವಂತಿಲ್ಲ.

“ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ, ಇವಳ ಕತೆ ಹಾಗಾಯ್ತು ನೋಡು,” ಎಂದಳು ಅತ್ತಿಗೆ. ಅಣ್ಣನ ಹೆಂಡತಿಯಾದ ಅವಳೇ ಅಲ್ಲಿನ ಪಶುವೈದ್ಯೆ. ನಾದಿನಿ ನಗದಿದ್ದುದನ್ನು ಕಂಡು, ಸಂಜೆಯ ಗಾಡಿಗೆ ವಾಪಸ್ಸು ಕಳಿಸಿದರಾಯಿತೆಂದು ಮೆಲ್ಲಗೆ ಹೇಳಿ, ಪೆಟ್ಟಿಗೆಗೆ ಒದ್ದೆ ಬಟ್ಟೆ ಹಾಸತೊಡಗಿದಳು.

ನಾದಿನಿ ಮೌನಿಯ ಗಾಜಿನ ಗೂಡಿನ ಮುಂದೆ ಕುಳಿತಳು. ಅವನ ಬಾಯಿ ಕಪ್ಪೆಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು? ಫಲಕ ಓದಿ. ಕಣ್ಣಾರೆ ಕಂಡದ್ದಂತೂ ಇಲ್ಲ. ಅವನು ಉಣ್ಣುವುದು ದೀಪ ಆರಿ ಎಲ್ಲರೂ ಮನೆಗೆ ಹೋದ ಮೇಲೆ. ಬೆದರಿ ಬಾಯಿ ತೆರೆಯುವ ಪ್ರಸಂಗ ಬಂದೇ ಇರಲಿಲ್ಲ. ಬೆರಳುದ್ದದ ಮರಿಯಾಗಿ ಬಂದವನು ಅವಳ ಕೈಯಲ್ಲೇ ಬೆಳೆದಿದ್ದ. ಆ ಮೌನವನ್ನು ಅವಳು ಅವನ ಸ್ವಭಾವವೆಂದುಕೊಂಡಿದ್ದಳು. ಅದು ನಂಬಿಕೆಯೂ ಇದ್ದೀತೆಂದು ಈಗ ಹೊಳೆಯಿತು.

“ಅತ್ತಿಗೆ, ನಂಗೆ ಇವನು ಹೆದರಲ್ಲ. ನೀವೊಂದ್ಸಲ ಕೈ ಹಾಕಿ.”

“ನನ್ನ ಕಂಡ್ರೆ ನಿಮ್ಮಣ್ಣನೇ ಹೆದರ್ತಾರೆ. ಇವನ್ಯಾವ ಲೆಕ್ಕ?”

ಔಷಧಿಯ ವಾಸನೆಯ ಆ ಕೈ ಒಳಗೆ ಹೋಯಿತು. ಮೌನಿ ಬಾಲವೆತ್ತಿದ. ಬಾಯಿ ತೆರೆದ.

ಗುಲಾಬಿ.

“ತಪ್ಪು ಹುಡುಗೀದಲ್ಲ ಬಿಡು, ನಮ್ಮ ಬೋರ್ಡಿಂದು,” ಎಂದು ಅತ್ತಿಗೆ ಕೈ ಹಿಂದೆಗೆದು, ಫಲಕ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕಿಕೊಂಡು ಹೋದಳು.

ಅವಳು ಅಂಗೈ ಚಾಚಿ ಕಾದಳು. ಹೆದರಿಸಿದ್ದಕ್ಕೆ ಅವನಿಗೆ ಕೋಪ ಇನ್ನೂ ಇರಬಹುದು. ಮೌನಿ ನಿಧಾನವಾಗಿ ಬಾಯಿ ಮುಚ್ಚಿದ. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಹತ್ತಿ ಕುಳಿತ.

ರೋಗ ತಪಾಸಣೆಯ ವಾರಗಳು ಮುಗಿದ ಮೇಲೆ ಹೆಣ್ಣನ್ನು ಅವನ ಕೊಂಬೆಗೆ ಬಿಟ್ಟರು. ನೋಡನೋಡುತ್ತಿದ್ದಂತೆ ಎರಡೂ ತೊಗಟೆಯಾಗಿಬಿಟ್ಟವು.

“ಇದರಲ್ಲಿ ನಿನ್ನ ಮೌನಿ ಯಾವನೇ?” ಎಂದು ಅತ್ತಿಗೆ ಗಾಜಿಗೆ ಮೂಗು ಒತ್ತಿದಳು.

ಅವಳು ಬಹಳ ಹೊತ್ತು ನೋಡಿದಳು. “ಗೊತ್ತಾಗ್ತಿಲ್ಲ ಅತ್ತಿಗೆ,” ಎಂದಳು. ಹಾಗೆನ್ನುವುದು ಅವಳಿಗೆ ಬಲು ಹಿತವಾಗಿತ್ತು.