ತಮ್ಮನ ರಕ್ತ ಬೇಕಾಗಲೇ ಇಲ್ಲ

ಗರ್ಭಕೋಶದಲ್ಲಿ ಮೂರು ಗಡ್ಡೆಗಳಿವೆ ಎಂದು ಗೊತ್ತಾದ ಮೇಲೆ ಬಸ್ ಕಂಡಕ್ಟರ್ ಆಗಿದ್ದ ಅಕ್ಕನಿಗೆ ಗಡ್ಡೆಗಿಂತ ತಮ್ಮನ ಕಾಟವೇ ಹೆಚ್ಚಾಯಿತು. ಜಿಮ್ಮಿನಲ್ಲಿ ತೋಳು ಬೆಳೆಸಿದ್ದ ಅವನು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದು, ಅಕ್ಕನನ್ನು ಉಳಿಸುವವನು ತಾನೇ ಎಂದು ಬೀದಿಗೆಲ್ಲ ಡಂಗುರ ಸಾರಿದ.

"ರಕ್ತ ರೆಡಿ ಇದ್ರೆ ಒಳ್ಳೇದೇ," ಎಂದರು ಆಪರೇಷನ್ ಮಾಡುವ ಡಾಕ್ಟರಮ್ಮ. "ಆದ್ರೆ ಬೇಕಾಗದ ಹಾಗೆ ನೋಡ್ಕೋತೀನಿ. ರಕ್ತನಾಳ ಮುದುಡೋ ಹಾಗೆ ಇಂಜೆಕ್ಷನ್ ಕೊಟ್ಟು, ಗರ್ಭಕೋಶದ ಬುಡಕ್ಕೆ ರಬ್ಬರ್ ಟ್ಯೂಬ್ ಬಿಗಿದು, ಆಮೇಲೆ ಗಡ್ಡೆ ತೆಗೀತೀನಿ."

"ನಲ್ಲಿ ನಿಲ್ಲಿಸಿ ಪೈಪ್ ರಿಪೇರಿ ಮಾಡಿದ ಹಾಗೆ," ಎಂದಳು ಅಕ್ಕ. ತಮ್ಮನ ಮುಖ ಸಪ್ಪಗಾಯಿತು.

ಡಾಕ್ಟರಮ್ಮ ಹೇಳಿದಂತೆಯೇ ಮಾಡಿದರು. ಮೂರು ಗಡ್ಡೆಗಳೂ ಹೊರಬಂದವು; ಹೋದ ರಕ್ತ ಒಂದು ಲೋಟದಷ್ಟೂ ಇರಲಿಲ್ಲ.

ಅಕ್ಕನಿಗೆ ಎಚ್ಚರವಾದಾಗ ತಮ್ಮ ಮಂಚದ ಪಕ್ಕ ಮೂತಿ ಊದಿಸಿಕೊಂಡು ಕುಳಿತಿದ್ದ. "ನನ್ನ ರಕ್ತ ಒಂದು ತೊಟ್ಟೂ ಮುಟ್ಟಲಿಲ್ವಂತೆ. ಬೇರೆ ಯಾರಿಗೋ ಕೊಡ್ತಾರಂತೆ. ನಾನು ಬೀದೀಲಿ ಹೇಗೆ ಮುಖ ತೋರಿಸ್ಲಿ?"

ಅಕ್ಕನಿಗೆ ನಗು ಉಕ್ಕಿ, ಹೊಲಿಗೆ ಎಳೆದು, ಜೀವ ಹೋದಂತಾಯಿತು. "ಈ ಗಡ್ಡೆಗಳಿಂದ ಎರಡು ವರ್ಷ ತಿಂಗಳು ತಿಂಗಳೂ ಬಸ್ಸಲ್ಲಿ ನಿಂತ್ಕೊಂಡೇ ರಕ್ತ ಸುರಿಸಿದ್ದೀನಿ, ಒಬ್ಬರಿಗೂ ಹೇಳಲಿಲ್ಲ. ನೀನು ಒಂದು ಬಾಟ್ಲಿಗೇ ಇಷ್ಟು ಅಳ್ತೀಯಲ್ಲೋ!"

ಅದು ಅವನಿಗೆ ಗೊತ್ತೇ ಇರಲಿಲ್ಲ. ಎದ್ದು ಅವಳ ಹೊದಿಕೆ ಸರಿಮಾಡಿ, "ತುಂಬಾ ನೋವಾಗ್ತಿದ್ಯಾ?" ಎಂದು ಮೆಲ್ಲಗೆ ಕೇಳಿದ.

"ನೀನು ಬಾಯಿ ಬಿಟ್ಟಾಗ ಮಾತ್ರ," ಎಂದಳು ಅಕ್ಕ.