ಲೋಕನಾಥ ನುಂಗಿದ ಸುದ್ದಿ

ಮಂಜೇಶ್ವರದ ರೈಲು ಸ್ಟೇಷನ್ನಿನ ಹಿಂದಿದ್ದ ಬೀಡಿ ಕೊಟ್ಟಿಗೆಯಲ್ಲಿ ಪೇಪರು ಓದುವುದು ಲೋಕನಾಥನ ಕೆಲಸ. ಕೆಲಸವೆಂದರೆ ಕೆಲಸವೇ, ಹರಟೆ ಅಲ್ಲ. ಬೆಳಗಿನ ರೈಲಿನಲ್ಲಿ ಮಂಗಳೂರಿನಿಂದ ಪೇಪರು ಬಂದ ಕೂಡಲೇ ಅವನು ಮಡಿಲಿನ ಮೊರವನ್ನು ಬದಿಗಿಟ್ಟು, ಎತ್ತರದ ಮಣೆಯ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಉಳಿದವರು ತಲೆ ತಗ್ಗಿಸಿ ಬೀಡಿ ಕಟ್ಟುತ್ತ ಕೇಳಬೇಕು. ಓದುವಷ್ಟು ಹೊತ್ತು ಅವನ ಕೈ ಸುಮ್ಮನಿರುತ್ತದಲ್ಲ, ಅದನ್ನು ತುಂಬಿಕೊಡಲು ಸಂಜೆ ಪ್ರತಿಯೊಬ್ಬನೂ ತಾನು ಕಟ್ಟಿದ್ದರಲ್ಲಿ ಒಂದು ಕಟ್ಟು ತೆಗೆದು ಅವನ ಮೊರಕ್ಕೆ ಹಾಕುತ್ತಿದ್ದ. ಇದಕ್ಕೆ ಕರಾರು ಒಂದೇ: ಇದ್ದದ್ದನ್ನು ಇದ್ದ ಹಾಗೆ ಓದಬೇಕು, ನುಂಗಬಾರದು. ನಿನ್ನ ಅಭಿಪ್ರಾಯ ಎಂತ ಉಂಟೋ ಅದನ್ನು ಕೊನೆಗೆ ಹೇಳು, ಯಾರೂ ಬೇಡ ಎನ್ನುವುದಿಲ್ಲ. ಅಕ್ಷರ ಬಾರದ ಆ ಕೊಟ್ಟಿಗೆಗೆ ಲೋಕನಾಥನ ಬಾಯಿಯೇ ಪೇಪರು. ಓದಿ ಮುಗಿದ ಹಾಳೆ ಧಣಿಯ ಅಂಗಡಿಗೆ ಹೋಗಿ ಬೀಡಿ ಸುತ್ತಿ ಕೊಡುವುದಕ್ಕೆ ಬಳಕೆಯಾಗುತ್ತಿತ್ತು.

ಇಂಥ ಮರ್ಯಾದೆಯ ಮನುಷ್ಯನಿಗೆ ಹೊಟ್ಟೆಕಿಚ್ಚು ಹಿಡಿಯಿತು ನೋಡಿ. ಜ್ವರಕ್ಕೆ ಕಷಾಯ ಉಂಟು, ಹಾವಿನ ವಿಷಕ್ಕೂ ಮದ್ದು ಕೊಡುವವರು ಊರಲ್ಲಿದ್ದಾರೆ. ಇದಕ್ಕೆ ಯಾರು ಎಂತ ಕೊಟ್ಟಾರು?

ಕಾರಣ ಗುಣಪಾಲ. ಅದೇ ಕೊಟ್ಟಿಗೆಯಲ್ಲಿ ಲೋಕನಾಥನ ಪಕ್ಕದ ಚಾಪೆಯಲ್ಲಿ ಬೀಡಿ ಕಟ್ಟುತ್ತಿದ್ದವನು. ಅವನಿಗೆ ಅಕ್ಷರ ಕಲಿಸಿದವನೇ ಲೋಕನಾಥ. ಬೀಡಿ ಎಲೆಯ ಮೇಲೆ ಕತ್ತರಿಯ ಮೊನೆಯಿಂದ ಅ, ಆ, ಇ ಕೊರೆದು ತೋರಿಸಿ, ಬಾರದಿದ್ದಾಗ ತಲೆಗೆ ಮೊಟಕಿ ಕಲಿಸಿದ್ದ. ಕಾಸರಗೋಡು ಕೇರಳಕ್ಕೆ ಸೇರಿ ಮೊದಲ ಚುನಾವಣೆ ಬಂತು. ಡೆಲ್ಲಿಯಲ್ಲಿ ಆಳುವ ಜೋಡೆತ್ತಿನ ಪಕ್ಷದವರು ಗುಣಪಾಲನ ಕಂಠ ಕೇಳಿ, ಅವನನ್ನು ಜೀಪಿನಲ್ಲಿ ಕೂರಿಸಿ, ಕೈಗೆ ಮೈಕು ಕೊಟ್ಟು ಊರೂರು ಸುತ್ತಿಸತೊಡಗಿದರು. ಲೋಕನಾಥ ಸೈಕಲ್ ಗುರುತಿನ ಸ್ವತಂತ್ರ ಅಭ್ಯರ್ಥಿಯ ಕಡೆಯವನು. ತಾನೂ ನಾಲ್ಕು ಮಾತಾಡುತ್ತೇನೆಂದು ಅವರ ಬಳಿ ಕೇಳಿಯೇ ಕೇಳಿದ. ಅವರು ಅವನ ಕೈಗೆ ಮೈದಾ ಗೋಂದಿನ ಡಬ್ಬಿ ಕೊಟ್ಟು ಪೋಸ್ಟರು ಅಂಟಿಸಲು ಕಳಿಸಿದರು. ಕಲಿಸಿದವನು ಚಾಪೆಯ ಮೇಲೆ, ಕಲಿತವನು ಜೀಪಿನ ಮೇಲೆ. ಗುರುವಿಗೇ ತಿರುಮಂತ್ರ ಎಂದರೆ ಇದೇ ಅಲ್ಲವೇ?

ಅಂದಿನಿಂದ ಡೆಲ್ಲಿಯಲ್ಲಿ ಏನು ಒಳ್ಳೆಯದಾದರೂ ಲೋಕನಾಥನಿಗೆ ಅದು ಗುಣಪಾಲನ ಮೀಸೆಗೆ ಹಚ್ಚಿದ ಬೆಣ್ಣೆಯಂತೆ ಕಾಣತೊಡಗಿತು. ನಮ್ಮವರು ಪರದೇಶದಲ್ಲಿ ರಾಜಿ ಮಾಡಿಸಿದರು ಎಂದು ಪೇಪರು ಬರೆದರೆ, ಓದಿ ಮುಗಿಸಿ, "ಮನೆಯಲ್ಲಿ ಗಂಜಿಗೆ ಗತಿ ಇಲ್ಲ, ಊರವರ ಜಗಳ ಬಿಡಿಸಲು ಹೋಗಿದ್ದಾರೆ," ಎನ್ನುತ್ತಿದ್ದ. ಅಲ್ಲಿ ನಮ್ಮವರ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು ಎಂದಿದ್ದರೆ, "ಸೊಳ್ಳೆ ಹೊಡೆದದ್ದಾಗಿರಬೇಕು," ಎನ್ನುತ್ತಿದ್ದ. ಕೊಟ್ಟಿಗೆ ನಗುತ್ತಿತ್ತು. ಆ ನಗು ಅವನಿಗೆ ಬೇಕಾಗಿತ್ತು. ಇಷ್ಟರವರೆಗೆ ಕರಾರು ಮುರಿದಿರಲಿಲ್ಲ, ಅದನ್ನೂ ಹೇಳಬೇಕು.

ಆ ಕೊಟ್ಟಿಗೆಯಲ್ಲಿ ನಗದವನು ಒಬ್ಬನೇ, ಅದ್ದು. ಅವನ ತಂಗಿ ರುಖಿಯಾಳ ಗಂಡ ಮೊಯಿನುದ್ದೀನ್ ಹಡಗಿನಲ್ಲಿ ಖಲಾಸಿ. ಈಜಿಪ್ತಿನ ಕಾಲುವೆಯಲ್ಲಿ ಯುದ್ಧ ಹತ್ತಿಕೊಂಡಾಗ ಅವನ ಹಡಗು ಕಾಲುವೆಯ ಒಳಗೇ ಸಿಕ್ಕಿಬಿದ್ದಿತ್ತು. ಹಿಂದೆಯೂ ಮುಂದೆಯೂ ಮುಳುಗಿದ ಹಡಗುಗಳು, ನಡುವೆ ಇವನು. ಗುಂಡಿನ ಸದ್ದು ನಿಂತು ಎಷ್ಟೋ ಕಾಲವಾದರೂ ಅವನಿಂದ ಒಂದು ಮಾತು ಬಂದಿರಲಿಲ್ಲ. ದಿನವೂ ಪೇಪರು ಮುಗಿದ ಮೇಲೆ ಅದ್ದು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಲೋಕಣ್ಣ, ಹಡಗಿನದ್ದು ಎಂತಾದರೂ ಉಂಟಾ?" ಸಂಜೆ ಅವನು ಮನೆಗೆ ಹೋದಾಗ, ಅಣ್ಣನನ್ನು ಕಾಕಾ ಎಂದೇ ಕರೆಯುವ ರುಖಿಯಾ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು: "ಕಾಕಾ, ಪೇಪರಿನಣ್ಣ ಎಂತ ಹೇಳಿದರು?" ಲೋಕನಾಥನ ಮುಖ ಅವಳು ಕಂಡವಳಲ್ಲ. ಆದರೂ ಆ ಮನೆಯಲ್ಲಿ ಅವನ ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ.

ಜೀಪು ಹತ್ತುವ ಮೊದಲು ಗುಣಪಾಲ ಅದ್ದುವಿನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ: "ಹೆದರಬೇಡ ಮಾರಾಯ. ಡೆಲ್ಲಿಯವರು ಮಾತಾಡ್ತಾ ಇದ್ದಾರೆ. ನಿನ್ನ ಭಾವ ಬಂದೇ ಬರ್ತಾನೆ, ಬರೆದಿಟ್ಟುಕೊ."

ಬರೆದಿಟ್ಟುಕೊಳ್ಳಲು ಅದ್ದುವಿಗೆ ಬರುತ್ತಿರಲಿಲ್ಲ. ಬರೆದಿಟ್ಟುಕೊಂಡವನು ಲೋಕನಾಥ, ತನ್ನ ಹೊಟ್ಟೆಯೊಳಗೆ.

ಒಂದು ಶುಕ್ರವಾರ ಆ ಸುದ್ದಿ ಬಂದೇಬಿಟ್ಟಿತು. ಮೊದಲ ಪುಟದಲ್ಲೇ ಇತ್ತು. ಕಾಲುವೆಯಲ್ಲಿ ಸಿಕ್ಕಿದ್ದ ಖಲಾಸಿಗಳೆಲ್ಲ ಕ್ಷೇಮ. ಡೆಲ್ಲಿಯ ಪ್ರಯತ್ನ ಫಲಿಸಿತು. ಬೇರೆ ಹಡಗಿನಲ್ಲಿ ಹೊರಟ ಅವರು ಬರುವ ವಾರ ಬೊಂಬಾಯಿ ತಲುಪುತ್ತಾರೆ. ಮೊಯಿನುದ್ದೀನನ ಹಡಗಿನ ಹೆಸರೂ ಅದರಲ್ಲಿತ್ತು. ಲೋಕನಾಥನ ಕಣ್ಣು ಅದರ ಮೇಲೆ ಬಿದ್ದಾಗ ಮೊದಲು ಕಂಡದ್ದು ಅದ್ದುವಿನ ಮುಖವಲ್ಲ, ರುಖಿಯಾಳ ಕಣ್ಣೀರಲ್ಲ. ಜೀಪಿನ ಮೇಲೆ ನಿಂತು ನಗುವ ಗುಣಪಾಲ. ಇದನ್ನು ಓದಿದರೆ ಇಡೀ ಕೊಟ್ಟಿಗೆ, "ಗುಣಪಾಲ ಹೇಳಿದ ಹಾಗೇ ಆಯ್ತಲ್ಲ!" ಎನ್ನುತ್ತದೆ. ಅದೂ ನನ್ನ ಬಾಯಿಯಿಂದ ಕೇಳಿ! ಅವನ ಕಣ್ಣು ಕೆಳಗಿನ ಅಡಿಕೆ ಧಾರಣೆಗೆ ಜಾರಿತು, ನಾಲಿಗೆಯೂ ಹಿಂದೆಯೇ ಹೋಯಿತು.

"ಲೋಕಣ್ಣ, ಹಡಗಿನದ್ದು?"

"ಎಂತ ಉಂಟು ಮಾರಾಯ! ಡೆಲ್ಲಿಯವರ ಕೈಯಲ್ಲಿ ಆಗುವ ಕೆಲಸವಾ ಅದು? ಬಾಂಬು ಬಿದ್ದ ಜಾಗದಲ್ಲಿ ಯಾರು ಉಳಿತಾರೆ, ಯಾರನ್ನು ಬಿಡಿಸ್ತಾರೆ?"

ಅದ್ದು ತಲೆ ತಗ್ಗಿಸಿದ. ಸಂಜೆ ಎಂದಿನಂತೆ ಒಂದು ಕಟ್ಟು ಬೀಡಿಯನ್ನು ಲೋಕನಾಥನ ಮೊರಕ್ಕೆ ಹಾಕಿ ಮನೆಗೆ ಹೋದ.

ಆಮೇಲೆ ಗುಣಪಾಲನ ಜೀಪು ಬೋವಿಕಾನದ ಕಡೆಯೆಲ್ಲ ಸುತ್ತಿ ಮಂಜೇಶ್ವರಕ್ಕೆ ಬಂತು. ಸ್ಟೇಷನ್ ಮುಂದೆ ಅವನು ಮೈಕಿನಲ್ಲಿ ಗುಡುಗಿದ: ಕಾಲುವೆಯಲ್ಲಿ ಸಿಕ್ಕಿದ್ದ ನಮ್ಮ ಊರಿನ ಮಕ್ಕಳನ್ನು ಡೆಲ್ಲಿ ಬಿಡಿಸಿದೆ, ಅವರು ಬರುತ್ತಿದ್ದಾರೆ. ಅದ್ದುವಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಷಯ ಮನೆಗೆ ಮುಟ್ಟಿಸಿ, ಮರುದಿನ ಕೊಟ್ಟಿಗೆಗೆ ಎಲ್ಲರಿಗಿಂತ ಮೊದಲು ಬಂದು ಕೂತ.

"ಲೋಕಣ್ಣ, ಗುಣಪಾಲಣ್ಣ ಹೀಗೆ ಹೇಳಿದರು. ರುಖಿಯಾ ಹೇಳ್ತಾಳೆ, ಅದು ವೋಟಿನ ಮಾತು ಇರ್ಲಿಕ್ಕೂ ಸಾಕು, ಪೇಪರಿನಣ್ಣನನ್ನು ಕೇಳಿ ಬಾ ಅಂತ. ಪೇಪರಲ್ಲಿ ಬಂದಿದೆಯಾ?"

ಈಗಲಾದರೂ ಹೇಳಬಹುದಿತ್ತು. ಕಣ್ತಪ್ಪಿ ಹೋಯಿತು ಎಂದಿದ್ದರೆ ಮುಗಿದಿತ್ತು. ಆದರೆ ಹಿಂದಿನ ಸಂಜೆ ಗುಣಪಾಲನಿಗೆ ಬಿದ್ದ ಚಪ್ಪಾಳೆ ಇನ್ನೂ ಅವನ ಕಿವಿಯಲ್ಲಿ ಉರಿಯುತ್ತಿತ್ತು. ಅವನೂ ಗುಂಪಿನ ಹಿಂದೆ ಗೋಂದಿನ ಡಬ್ಬಿ ಹಿಡಿದು ನಿಂತು ಕೇಳಿದ್ದ. ಶಿಷ್ಯನ ಉಚ್ಚಾರಣೆಯಲ್ಲಿ ಒಂದು ತಪ್ಪು ಹುಡುಕಿದ್ದ, ಸಿಕ್ಕಿರಲಿಲ್ಲ.

"ಪೇಪರಲ್ಲಿ ಇಲ್ಲ," ಎಂದ ಲೋಕನಾಥ. "ವೋಟು ಬಂದಾಗ ಅವರು ಸತ್ತವರನ್ನೂ ಎಬ್ಬಿಸ್ತಾರೆ. ನಂಬಿ ಕೆಡಬೇಡ."

ತನ್ನ ಮೂಗು ಕೊಯ್ದುಕೊಂಡಾದರೂ ಎದುರಾಳಿಗೆ ಅಪಶಕುನ ಮಾಡುವವರನ್ನು ನೀವು ಕಂಡಿರಬಹುದು. ಇವನು ಕೊಯ್ದದ್ದು ಇನ್ನೊಬ್ಬರ ಮನೆಯ ಮೂಗು.

ಅದರ ಮರುದಿನ ಅದ್ದು ಕೆಲಸಕ್ಕೆ ಬರಲಿಲ್ಲ. ಕೊಟ್ಟಿಗೆಯ ಹಿರಿಯ ಬಟ್ಯಣ್ಣ ವಿಷಯ ತಂದ. ರುಖಿಯಾ ಕಿವಿಯ ಅಲಿಕತ್ತುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಬಳೆ ತೆಗೆದು, ಬಿಳಿ ಬಟ್ಟೆ ಉಟ್ಟು, ಗಂಡ ಸತ್ತ ಹೆಂಗಸರು ಕೂರುವ ಇದ್ದತ್ತಿಗೆ ಕೋಣೆಯೊಳಗೆ ಕೂತುಬಿಟ್ಟಿದ್ದಾಳೆ.

"ಮಸೀದಿಯ ಮುಸ್ಲಿಯಾರರೇ ಬಂದು ಹೇಳಿದರಂತೆ, ಖಚಿತ ಸುದ್ದಿ ಇಲ್ಲದೆ ಹೀಗೆ ಕೂರ್ಲಿಕ್ಕೆ ಇಲ್ಲ ಮಗಳೇ ಅಂತ," ಎಂದ ಬಟ್ಯಣ್ಣ. "ಅವಳು ಕೇಳಬೇಕಲ್ಲ! ಪೇಪರಿನಣ್ಣ ಇಲ್ಲ ಅಂದ ಮೇಲೆ ಇನ್ನೆಂಥ ಖಚಿತ ಅಂತ ಅವಳ ಮಾತು. ಎಳೇ ಪ್ರಾಯದ ಹುಡುಗಿ ಮಾರಾಯ, ಕರುಳು ಕಿತ್ತು ಬರ್ತದೆ."

ಲೋಕನಾಥನ ಕೈಯ ಬೀಡಿ ಒಡೆದು ಹೊಗೆಸೊಪ್ಪಿನ ಹುಡಿ ಮಡಿಲಿಗೆ ಚೆಲ್ಲಿತು. ಹಾಗೆಂದು ಅವನು ರಾಕ್ಷಸನೇನೂ ಅಲ್ಲ. ಊಟ ಸೇರಲಿಲ್ಲ. ಆ ಸುದ್ದಿ ಅಕ್ಷರ ಅಕ್ಷರವಾಗಿ ಅವನ ತಲೆಯೊಳಗೆ ತನ್ನನ್ನು ತಾನೇ ಓದಿಕೊಳ್ಳುತ್ತಿತ್ತು. ಎದ್ದು ಅದ್ದುವಿನ ಮನೆಯ ದಾರಿ ಹಿಡಿದದ್ದೂ ಉಂಟು. ದಾರಿಯಲ್ಲಿ ಜೋಡೆತ್ತಿನ ಜೀಪು ಧೂಳೆಬ್ಬಿಸಿಕೊಂಡು ಎದುರಾಯಿತು, ಗುಣಪಾಲ ಅವನನ್ನು ಕಂಡು, "ನಮಸ್ಕಾರ ಗುರುಗಳೇ!" ಎಂದು ಮೈಕಿನಲ್ಲೇ ಕೂಗಿದ. ಹುಡುಗ ಪ್ರೀತಿಯಿಂದಲೇ ಕೂಗಿರಬೇಕು. ಲೋಕನಾಥನಿಗೆ ಮೈಯೆಲ್ಲ ತುರಿಕೆ ಸೊಪ್ಪು ತಾಗಿದ ಹಾಗಾಯಿತು. ಈಗ ಹೇಳಿದರೆ ಊರಿನ ವೋಟೆಲ್ಲ ಇವನ ಮಡಿಲಿಗೆ. ವೋಟು ಮುಗಿಯಲಿ, ಹೇಳಿದರಾಯಿತು. ಬದುಕಿರುವವನು ಹೇಗೂ ಬದುಕಿದ್ದಾನೆ, ನಾಲ್ಕು ದಿನ ತಡವಾದರೆ ಸಾಯುತ್ತಾನೆಯೇ? ಹೀಗೆ ತನಗೆ ತಾನೇ ನ್ಯಾಯ ಹೇಳಿಕೊಂಡು ಹಿಂದಿರುಗಿದ. ಇಂಥ ಹೊತ್ತಿನಲ್ಲಿ ನ್ಯಾಯ ಹೇಳುವವನಿಗೂ ಕೇಳುವವನಿಗೂ ಒಂದೇ ತಲೆ ಇರುತ್ತದೆ, ಅದೇ ತೊಂದರೆ.

ವೋಟು ಮುಗಿಯಿತು. ಮಾರನೆಯ ದಿನ ಅವನಿಗೆ ಇನ್ನೊಂದು ಯೋಚನೆ ಬಂತು: ಎಣಿಕೆಯೂ ಆಗಲಿ. ನಮ್ಮ ಸೈಕಲ್ ಗೆದ್ದರೆ ಹೇಳಲು ಧೈರ್ಯ ಬರುತ್ತದೆ, ಸೋತರೆ ಹೇಳಿ ನಷ್ಟವೇನಿಲ್ಲ. ಈ ಲೆಕ್ಕಾಚಾರದಲ್ಲಿ ಪೇಪರು ಓದುತ್ತ ಕೂತಿದ್ದಾಗಲೇ ಅದ್ದು ಬಾಗಿಲಲ್ಲಿ ಬಂದು ನಿಂತ. ಮೈ ಬೆವತಿತ್ತು, ಮುಖದಲ್ಲಿ ಅಳುವೂ ನಗುವೂ ಇದ್ದವು.

"ಲೋಕಣ್ಣ, ಭಾವ ಬಂದ. ಬೆಳಗಿನ ರೈಲಿಗೆ."

ಕೊಟ್ಟಿಗೆಯ ಕತ್ತರಿಗಳೆಲ್ಲ ನಿಂತವು.

"ರುಖಿಯಾ ಬಾಗಿಲು ತೆಗೀತಾ ಇಲ್ಲ. ಜಿನ್ನು ಗಂಡನ ಸ್ವರದಲ್ಲಿ ಕರೀತಾ ಉಂಟು ಅಂತ ಒಳಗಿನಿಂದ ಚಿಲಕ ಹಾಕಿ ಕುರಾನಿನ ಬಾಯಿಪಾಠ ಹೇಳ್ತಾ ಕೂತಿದ್ದಾಳೆ. ನಾನು ಹೇಳಿದರೆ ನನಗೂ ಮೋಡಿ ಆಗಿದೆಯಂತೆ. ಪೇಪರಲ್ಲಿ ಬರಲಿ, ಆಗ ನಂಬ್ತೇನೆ ಅಂತಾಳೆ." ಅದ್ದು ಅವನ ಕೈ ಹಿಡಿದ. "ಬಾ ಲೋಕಣ್ಣ. ಇವತ್ತಿನ ಪೇಪರಲ್ಲಿ ಇದ್ದ ಹಾಗೆ ಒಂದು ಸುಳ್ಳು ಓದು. ಒಳ್ಳೆಯದಕ್ಕೆ ಒಂದು ಸುಳ್ಳು, ನಿನಗೆ ಪುಣ್ಯ ಬರ್ತದೆ."

ಲೋಕನಾಥ ಹೇಗೆ ಎದ್ದ, ಹೇಗೆ ನಡೆದ, ಅವನಿಗೇ ಗೊತ್ತಿಲ್ಲ. ಅದ್ದುವಿನ ಅಂಗಳದಲ್ಲಿ ಕೇರಿಯೇ ಸೇರಿತ್ತು. ಜಗಲಿಯ ಮೇಲೆ, ತನ್ನದೇ ಹೆಂಡತಿಯ ಬಾಗಿಲ ಹೊರಗೆ, ಪರಗಂಡಸಿನಂತೆ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದ ಮೊಯಿನುದ್ದೀನ್. ಕೆನ್ನೆ ಒಳಸರಿದಿತ್ತು, ಗಡ್ಡ ಬೆಳೆದಿತ್ತು. ತಂತಿ ಯಾಕೆ ಕಳಿಸಲಿಲ್ಲವೋ ಎಂದು ಯಾರೋ ಬೈಯುತ್ತಿದ್ದರು. ತಂತಿ ಎಂದರೆ ಸಾವಿನ ಸುದ್ದಿ ಎಂದು ಓದಿಸುವ ಮೊದಲೇ ಅಳುವ ಮನೆ ಇದು, ಎಂದ ಮೊಯಿನುದ್ದೀನ್. ಹೆದರಿಸುವುದು ಬೇಡ, ಪೇಪರಲ್ಲಿ ಹೇಗೂ ಬಂದಿರುತ್ತದೆ ಎಂದುಕೊಂಡೆ, ಎನ್ನುತ್ತಿದ್ದ ಅವನು.

ಲೋಕನಾಥ ಬಾಗಿಲ ಮುಂದೆ ನಿಂತು ಅಂದಿನ ಪೇಪರು ಬಿಡಿಸಿದ. ಅದರ ತುಂಬ ಚುನಾವಣೆ. ಅವನು ಅದನ್ನು ನೋಡಲೂ ಇಲ್ಲ. ಬಾಯಿ ತೆರೆದ, ನುಂಗಿದ್ದು ತಾನಾಗಿ ಹೊರಗೆ ಬಂತು.

"ಕಾಲುವೆಯಲ್ಲಿ ಸಿಕ್ಕಿದ್ದ ಖಲಾಸಿಗಳು ಕ್ಷೇಮ. ಡೆಲ್ಲಿಯ ಪ್ರಯತ್ನ ಫಲಿಸಿತು." ಸ್ವರ ಮೆಲ್ಲಗೆ ಕೊಟ್ಟಿಗೆಯ ಹಳೆಯ ಗತ್ತಿಗೆ ಬಂತು. ಒಂದು ಅಕ್ಷರ ತಪ್ಪದೆ ಓದಿದ. ಹಡಗಿನ ಹೆಸರು ಬಂದಾಗ ಮೊಯಿನುದ್ದೀನ್ ಪೆಟ್ಟಿಗೆಯಿಂದ ಎದ್ದು ನಿಂತ.

"ಇದೇ, ಇದೇ!" ಎಂದ. "ಬೊಂಬಾಯಿಯ ಬಂದರಿನಲ್ಲಿ ನಮಗೆ ಓದಿ ಹೇಳಿದ್ದೂ ಇದೇ."

"ಬೇರೆ ಹಡಗಿನಲ್ಲಿ ಹೊರಟ ಅವರೆಲ್ಲ ಬರುವ ವಾರ ಬೊಂಬಾಯಿ ತಲುಪುತ್ತಾರೆ," ಎಂದು ಲೋಕನಾಥ ಮುಗಿಸಿದ.

ಅದ್ದು ಅವನ ಬೆನ್ನು ತಟ್ಟಿದ. ಎಷ್ಟು ಚಂದ ಸುಳ್ಳು ಕಟ್ಟಿದಿ ಮಾರಾಯ, ಎನ್ನುವಂತೆ. ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ರುಖಿಯಾಳ ಸ್ವರ ಬಂತು.

"ಬರುವ ವಾರ ಬೊಂಬಾಯಿಗೆ ಬರುವವರು ಇವತ್ತು ನನ್ನ ಜಗಲಿಗೆ ಹೇಗೆ ಬಂದರು ಅಣ್ಣ? ಅದು ಯಾವತ್ತಿನ ಪೇಪರು?"

ಇವತ್ತಿನದ್ದೇ, ಅಚ್ಚಿನವರ ತಪ್ಪು ಎಂದರೆ ಆಗುತ್ತಿತ್ತು. ಅಲ್ಲಿದ್ದವರಿಗೆ ಯಾರಿಗೂ ಓದಲು ಬರುತ್ತಿರಲಿಲ್ಲ. ಲೋಕನಾಥ ಮೊಯಿನುದ್ದೀನನ ಮುಖ ನೋಡಿದ, ಅವನ ಹಿಂದಿನ ಮುಚ್ಚಿದ ಬಾಗಿಲನ್ನು ನೋಡಿದ. ಪೇಪರನ್ನು ಮಡಚಿದ.

"ಹಿಂದಿನದ್ದು," ಎಂದ. "ನೀನು ಅಲಿಕತ್ತು ಬಿಚ್ಚುವುದಕ್ಕೆ ಮೊದಲಿನ ಶುಕ್ರವಾರದ್ದು. ನಾನು ಓದಲಿಲ್ಲ."

ಬೆನ್ನ ಮೇಲಿದ್ದ ಅದ್ದುವಿನ ಕೈ ಮೆಲ್ಲಗೆ ಕೆಳಗಿಳಿಯಿತು.

ಚಿಲಕ ಸರಿಯಿತು. ರುಖಿಯಾ ಬಿಳಿ ಬಟ್ಟೆಯಲ್ಲಿ ಹೊಸ್ತಿಲ ಮೇಲೆ ನಿಂತಳು. ಕಿವಿಯ ಅಂಚಿನುದ್ದಕ್ಕೂ ಬರಿಯ ತೂತುಗಳು. ಗಂಡ ಎರಡು ಹೆಜ್ಜೆಯ ಆಚೆ ಕೈ ಚಾಚಿ ನಿಂತಿದ್ದ. ಅವಳು ಅವನ ಕಡೆ ತಿರುಗುವ ಮೊದಲು ಲೋಕನಾಥನ ಮುಖವನ್ನು ನೋಡಿದಳು. ಇಷ್ಟು ದಿನ ನಂಬಿದ ಮುಖ ಹೇಗಿದೆಯೆಂದು ತಿಳಿದುಕೊಳ್ಳುವವಳಂತೆ, ಅವನು ತಲೆ ತಗ್ಗಿಸುವವರೆಗೂ ನೋಡಿದಳು.