ಎಕ್ಸ್‌ರೇ ಕೋಣೆಯ ಹಳದಿ ದಿಂಬು

ನಾನು ಪಾಲಿಯುರೆಥೇನ್ ಎಂಬ ಭಾರೀ ಹೆಸರಿನ, ಹಗುರ ಮೈಯ ಸ್ಪಂಜು. ಕಾರ್ಖಾನೆಯಲ್ಲಿ ಎರಡು ದ್ರವಗಳನ್ನು ಕೂಡಿಸಿದ್ದೇ ತಡ, ಇಡ್ಲಿ ಹಿಟ್ಟಿನಂತೆ ಉಬ್ಬಿ ಹುಟ್ಟಿದೆ. ನನ್ನನ್ನೂ ನನ್ನ ತಮ್ಮನನ್ನೂ ಒಂದೇ ಗಟ್ಟಿಯಿಂದ ಕೊಯ್ದು ಒಂದು ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಕಳಿಸಿದರು. ರೋಗಿಗಳ ಮೊಣಕಾಲಿನಡಿ ನಾನು, ಮೊಣಕೈಯಡಿ ತಮ್ಮ. ಊರಿನ ಮುರಿದ ಮೂಳೆಗಳೆಲ್ಲ ನಮಗೆ ಪರಿಚಯ.

ಯಂತ್ರ ನಡೆಸುವ ದಾವಲಸಾಬರದು ಮಾತು ಕಡಿಮೆ. "ಉಸಿರು ಹಿಡೀರಿ, ಬಿಡ್ರಿ" ಎನ್ನುವುದರಲ್ಲೇ ಅವರ ದಿನ ಮುಗಿಯುತ್ತಿತ್ತು. ಅವರ ಪಾಲಿನ ಮಾತನ್ನೂ ಆಯಾ ಫಕೀರವ್ವನೇ ಆಡುತ್ತಿದ್ದಳು. ಎಕ್ಸ್‌ರೇ ನನ್ನ ಮೈಯೊಳಗೇ ಕೂತುಬಿಡುತ್ತದೆಂದು ಆಕೆಯ ನಂಬಿಕೆ. ಹಾಸಿಗೆಯ ತಿಗಣೆಯನ್ನು ಓಡಿಸುವಂತೆ ಅದನ್ನೂ ಓಡಿಸಲು ದಿನಾ ಮಧ್ಯಾಹ್ನ ನನ್ನನ್ನು ಹಿತ್ತಲಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ತಮ್ಮ ಸಣ್ಣವ, ಗಾಳಿಗೆ ಹಾರಿಹೋದಾನೆಂದು ಒಳಗೇ ಬಿಡುತ್ತಿದ್ದಳು.

ಎರಡು ವರ್ಷದಲ್ಲಿ ನಾನು ಅರಿಸಿನ ಹಚ್ಚಿದ ಮದುಮಗನಂತಾದೆ. ಮುಟ್ಟಿದರೆ ಪುಡಿ ಉದುರುತ್ತಿತ್ತು.

"ಸ್ಪಂಜೇ ಹಿಂಗಾದ್ರ ಮನಷ್ಯಾರ ಗತಿ ಏನ್ರಿ?" ಎಂದು ಫಕೀರವ್ವ ಕಂಡಕಂಡವರಿಗೆಲ್ಲ ನನ್ನನ್ನು ತೋರಿಸಿದಳು. ಯಂತ್ರದಿಂದ ಕಿರಣ ಸೋರುತ್ತಿದೆಯೆಂದು ಸುದ್ದಿಯಾಯಿತು. ಕಾಲು ಮುರಿದವರು ಬಾಗಿಲವರೆಗೆ ಬಂದು, ಕುಂಟುತ್ತಲೇ ಹಿಂದಿರುಗಿದರು. ಕೊನೆಗೆ ಡಾಕ್ಟರಮ್ಮನೇ ಬಂದು ನನ್ನನ್ನು ಚಿವುಟಿ ನೋಡಿದರು.

"ಸೋಮವಾರದಿಂದ ಈ ಕೋಣೆಗೆ ಬೀಗ. ಎಕ್ಸ್‌ರೇ ಬೇಕಾದೋರು ಜಿಲ್ಲಾ ಆಸ್ಪತ್ರೆಗೆ ಹೋಗ್ಲಿ."

ಅಂದರೆ ಮುರಿದ ಕಾಲಿನಲ್ಲಿ ಬಸ್ಸಿಗೆ ಎರಡು ತಾಸು.

ದಾವಲಸಾಬರು ತಮ್ಮನನ್ನು ತಂದು ನನ್ನ ಪಕ್ಕಕ್ಕಿಟ್ಟರು. ಅವನು ಬಂದ ದಿನದಂತೆಯೇ ಬೆಳ್ಳಗೆ, ಮೆತ್ತಗೆ ಕೂತಿದ್ದ.

"ಇಬ್ರೂ ಒಂದಾ ದಿನ ಬಂದಾರ್ರಿ ಮೇಡಂ. ಇಬ್ರಿಗೂ ಎಕ್ಸ್‌ರೇ ಅಷ್ಟಾ ಬಡದೈತಿ. ಬಿಸಲು ಮಾತ್ರ ಇವನೊಬ್ಬಗ."

ಅದು ಅವರ ಒಂದು ತಿಂಗಳ ಮಾತು.

"ಬಿಸಿಲಿಗಿಟ್ಟೋರು ಯಾರು?" ಎಂದರು ಡಾಕ್ಟರಮ್ಮ.

ಮಾತಿನ ಫಕೀರವ್ವ ಕೈಲಿದ್ದ ಪೊರಕೆಯ ಕಡ್ಡಿ ಒಂದೊಂದೇ ಎಣಿಸುತ್ತಿದ್ದಳು.

"ನಾನಾ ಇಡಸ್ತಿದ್ದೆರಿ, ಸ್ವಚ್ಛ ಇರ್ಲಿ ಅಂತ," ಎಂದರು ದಾವಲಸಾಬರು, ಕಿಟಕಿಯತ್ತ ನೋಡುತ್ತಾ.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು, ನಮ್ಮಿಬ್ಬರನ್ನೂ ನೋಡಿದರು. ಬೀಗದ ಮಾತೆತ್ತದೆ ಹೋದರು.

ಈಗ ನನಗೆ ನಿವೃತ್ತಿ. ಕೋಣೆಯ ಬಾಗಿಲಲ್ಲಿ ಫಕೀರವ್ವನ ಸ್ಟೂಲಿನ ಮೇಲಿದ್ದೇನೆ. ಆಕೆ ಕೂತರೆ ಎಲ್ಲ ಕತ್ತಲೆ, ಬಿಸಿಲಿಗಿಂತ ವಾಸಿ. ಒಳಗೆ ಬರಲು ಯಾರಾದರೂ ಅಂಜಿದರೆ ಎದ್ದು ನಿಂತು ನನ್ನನ್ನು ತೋರಿಸುತ್ತಾಳೆ.

"ಇಂವ ಹಳದಿ ಆಗಿದ್ದು ಹೊರಗಿನ ಬಿಸಲಿಗೆರಿ, ಒಳಗಿನ ಎಕ್ಸ್‌ರೇಕ್ಕಲ್ಲ. ಇಟ್ಟಾಕಿ ನಾನಾ ಅದೇನಿ. ನಡೀರಿ ಒಳಗ."